ಜೇಬಿಗೆ ಯಾವ ಮಲ್ಟಿಟೂಲ್? ಬಳಸಿದವರು ಹೇಳಿ

ಹಾಸನದ ಬೈಕ್ ಸವಾರ
ಕೆಲಸ ಹಾಸನದಲ್ಲಿ. ವಾರವೆಲ್ಲ ಬೈಕ್ ಮೇಲೆ ಓಡಾಟ. ರಜೆ ಸಿಕ್ಕರೆ ಎತ್ತಿನಭುಜ, ಮುಳ್ಳಯ್ಯನಗಿರಿ ಕಡೆ ಹೋಗುತ್ತೇನೆ. ಜೇಬಲ್ಲಿ ಇಟ್ಟುಕೊಳ್ಳೋಕೆ ಒಂದು ಮಲ್ಟಿಟೂಲ್ ಬೇಕು, ಅಂದರೆ ಹಲವು ಉಪಕರಣ ಒಂದರಲ್ಲೇ ಮಡಚಿಟ್ಟಿರುವಂಥದ್ದು. ಇಕ್ಕಳ ಇರುವುದು ಒಳ್ಳೆಯದಾ, ವಿಕ್ಟೋರಿನಾಕ್ಸ್ ತರಹದ ಮಡಿಸುವ ಚಾಕು ಸಾಕಾ? 4,000 ದಾಟಬಾರದು.

ಮೂಡಿಗೆರೆ ತೋಟದವನು
ನನ್ನದು ಇಕ್ಕಳ ಇರುವ ಲೆದರ್‌ಮನ್ ವೇವ್ ಪ್ಲಸ್. ಅಮೆರಿಕದಿಂದ ಭಾವನ ಕೈಲಿ ತರಿಸಿದ್ದು. ತೂಕ 241 ಗ್ರಾಂ, ಜೇಬಿಗೆ ಹಾಕಿದರೆ ಪ್ಯಾಂಟ್ ಜಾರುತ್ತದೆ. ಬೆಲ್ಟಿಗೇ ಸಿಕ್ಕಿಸಬೇಕು. ಆದರೆ ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವಾಗ ಇದರ ಬೆಲೆ ಗೊತ್ತಾಗುತ್ತದೆ. ನಮ್ಮದು ಕೆರೆ ನೀರು. ಸ್ಪ್ರಿಂಕ್ಲರ್ ನಾಜಲ್‌ಗೆ ಎಲೆಚೂರು ಸಿಕ್ಕಿಕೊಂಡರೆ ಆ ಸುತ್ತಿನ ಗಿಡಕ್ಕೆ ನೀರೇ ಬೀಳಲ್ಲ. ಮೊದಲು ಸ್ಪ್ಯಾನರ್ ತರಲು ಶೆಡ್‌ವರೆಗೆ ಗುಡ್ಡ ಹತ್ತಬೇಕಿತ್ತು. ಅಷ್ಟರಲ್ಲಿ ಕರೆಂಟ್ ಹೋಗಿರುತ್ತಿತ್ತು. ಈಗ ನಿಂತಲ್ಲೇ ಇಕ್ಕಳದಲ್ಲಿ ನಾಜಲ್ ಬಿಚ್ಚುತ್ತೇನೆ, ಸಣ್ಣ ಸ್ಕ್ರೂ ಡ್ರೈವರ್‌ನಲ್ಲಿ ಕಸ ತಳ್ಳಿ ಮತ್ತೆ ಕೂರಿಸುತ್ತೇನೆ. ತಂತಿ ಕತ್ತರಿಸುವ ಹಲ್ಲು ಸವೆದರೆ ಅದೊಂದನ್ನೇ ಬದಲಾಯಿಸಬಹುದು. ಕಂಪನಿ 25 ವರ್ಷ ವಾರಂಟಿ ಕೊಡುತ್ತದೆ. ಮೊನ್ನೆ ಪಂಪ್‌ಸೆಟ್ ಸ್ಟಾರ್ಟರ್‌ನಲ್ಲಿ ವೈರ್ ಸಡಿಲ ಆಗಿತ್ತು, ಅದನ್ನೂ ಇದರಲ್ಲೇ ಬಿಗಿ ಮಾಡಿದೆ. ಎಲೆಕ್ಟ್ರಿಷಿಯನ್ ಬಂದಿದ್ದರೆ 500 ರೂಪಾಯಿ ಹೋಗುತ್ತಿತ್ತು. ಬಜೆಟ್ ನೋಡಬೇಡಿ, ದುಡ್ಡು ಕೂಡಿಸಿ ಇದನ್ನೇ ತೆಗೆದುಕೊಳ್ಳಿ.

ಸಕಲೇಶಪುರದ ವೈರಿಂಗ್ ಕೆಲಸದವನು
ತೋಟದವರೇ, ಆ ಸ್ಟಾರ್ಟರ್ ಮಾತನ್ನು ದಯವಿಟ್ಟು ಅಳಿಸಿ. ಓದಿದ ಹುಡುಗರು ಹಾಗೇ ಮಾಡಲು ಹೋಗುತ್ತಾರೆ. ನಿಮ್ಮ ಟೂಲ್ ಹಿಡಿಯಿಂದ ಮೂತಿವರೆಗೆ ಬರೀ ಸ್ಟೀಲ್. ಮೂರು ಫೇಸ್ ಲೈನ್ ಅಂದರೆ 415 ವೋಲ್ಟ್, ಕೆರೆ ದಂಡೆಯಲ್ಲಿ ಒದ್ದೆ ಕಾಲು ಬೇರೆ. ನಾನು ಬಳಸುವ ಇಕ್ಕಳದ ಹಿಡಿಗೆ ದಪ್ಪ ಕವಚ ಇದೆ, 1000 ವೋಲ್ಟ್ ಅಂತ ಅಚ್ಚು ಹಾಕಿದ್ದಾರೆ. ಕವಚ ಒಂದು ಕಡೆ ಸೀಳಿದ್ದಕ್ಕೆ ಹಳೆಯದನ್ನು ಬಿಸಾಕಿ 780 ಕೊಟ್ಟು ಹೊಸದು ತಂದೆ. 500 ರೂಪಾಯಿ ಉಳಿಸಿದೆ ಅಂತ ಬರೆಯುವ ವಿಷಯ ಅಲ್ಲ ಇದು.

ಮೂಡಿಗೆರೆ ತೋಟದವನು
ಫ್ಯೂಸ್ ಕಿತ್ತು, ಟೆಸ್ಟರ್ ಹಿಡಿದು ನೋಡಿಯೇ ಮಾಡಿದ್ದು. ಪಂಪ್‌ಸೆಟ್ ಜೊತೆ ಬೆಳೆದವನು ನಾನು. ಕರೆದ ದಿನ ನಿಮ್ಮವರು ಬಂದರೆ ನಾವೇಕೆ ಕೈ ಹಾಕುತ್ತೇವೆ?

ಸಕಲೇಶಪುರದ ವೈರಿಂಗ್ ಕೆಲಸದವನು
ಫ್ಯೂಸ್ ಕಿತ್ತಿದ್ದನ್ನು ಬರೆಯಬೇಕಿತ್ತು ಅಲ್ವಾ? ಮಳೆಗಾಲದಲ್ಲಿ ಎಷ್ಟು ತೋಟದಿಂದ ಒಟ್ಟಿಗೆ ಫೋನ್ ಬರುತ್ತದೆ ಅಂತ ನಿಮಗೆ ಗೊತ್ತಿಲ್ಲ. ಬರಲ್ಲ ಅಂತ ಸುಮ್ನೆ ದೂರಬೇಡಿ.

ಆಲ್ದೂರಿನವನು
ಲೈನ್ ಜಗಳ ಆಮೇಲೆ ಆಡಿ. ಅಗ್ಗದ್ದು ತೆಗೆದುಕೊಂಡರೆ ಏನಾಗುತ್ತದೆ ಅಂತ ನಾನು ಹೇಳುತ್ತೇನೆ. ಆನ್‌ಲೈನ್‌ನಲ್ಲಿ 1,150 ಕೊಟ್ಟೆ, 15 ಉಪಕರಣ ಇದೆ ಅಂದಿದ್ದರು. ಕಂಪನಿ ಹೆಸರು ಬೇಡ. ಜೊತೆಗೆ ಬಂದ ಚೀಲದ ಹೊಲಿಗೆ ಬಿಟ್ಟಿತು, ಬೇರೆ ಚೀಲಕ್ಕೆ 180. ಇಕ್ಕಳ ಮುಚ್ಚಿ ಬೆಳಕಿಗೆ ಹಿಡಿದರೆ ಮೂತಿಯ ನಡುವೆ ಸಂದು ಕಾಣುತ್ತಿತ್ತು. ಬೇಲಿ ತಂತಿ ಹಿಡಿದು ತಿರುಚಿದೆ, ಒಂದು ಮೂತಿ ಪಕ್ಕಕ್ಕೆ ವಾಲಿತು. ವಾಪಸ್ ಕಳಿಸಿದೆ, ಕೊರಿಯರ್‌ಗೆ 210. ‘ಬಳಸಿದ್ದೀರಿ’ ಅಂತ ಹಾಗೇ ತಿರುಗಿ ಬಂತು! ಬಳಸದೆ ಪೂಜೆ ಮಾಡಬೇಕಿತ್ತಾ? ಗರಗಸ ಆಷಾಢದ ಮಳೆಗೆ ಕೆಂಪಾಯಿತು. ಕೀಲಿನ ಸ್ಕ್ರೂ ತೋಟದಲ್ಲೆಲ್ಲೋ ಬಿತ್ತು. ಅಂಥದೇ ಸ್ಕ್ರೂಗೆ ಚಿಕ್ಕಮಗಳೂರು ಪೇಟೆಯಲ್ಲಿ ಅಂಗಡಿ ಅಂಗಡಿ ತಿರುಗಿದೆ, ಸಿಗಲಿಲ್ಲ. ಲೇತ್‌ನವನ ಹತ್ತಿರ ಮಾಡಿಸಲು 150. ಎಲ್ಲ ಸೇರಿ 1,690. ಆ ದುಡ್ಡಿಗೆ ನಮ್ಮೂರ ಕಮ್ಮಾರ ಲಾರಿ ಪಟ್ಟಿಯಲ್ಲಿ ಎರಡು ಕತ್ತಿ ಬಡಿದು ಕೊಡುತ್ತಾನೆ. ಅವು ನನ್ನ ಮಗನ ಕಾಲಕ್ಕೂ ಇರುತ್ತವೆ.

ಹಾಸನದ ಚಾರಣದ ಮೇಷ್ಟ್ರು
ಕತ್ತಿ ಹಿಡಿದು ಹಾಸನ ಬಸ್ ಸ್ಟ್ಯಾಂಡ್‌ನಲ್ಲಿ ನಿಲ್ಲಲು ಆಗುತ್ತದೆಯೇ? ಕೇಳಿದವರಿಗೆ ಬೇಕಿರುವುದು ಜೇಬಿನದು. ನನ್ನದು ವಿಕ್ಟೋರಿನಾಕ್ಸ್ ಫಾರ್ಮರ್. ಮಡಿಸಿದರೆ 93 ಮಿಲಿಮೀಟರ್, ಎರಡು ಬದಿಗೂ ಅಲ್ಯೂಮಿನಿಯಂ ತಗಡು, ಬಿದ್ದರೂ ಒಡೆಯಲ್ಲ. ಇದರ ಗರಗಸ ನೋಡಬೇಕು ನೀವು. ಎಳೆದರೂ ಕೊಯ್ಯುತ್ತದೆ, ತಳ್ಳಿದರೂ ಕೊಯ್ಯುತ್ತದೆ. ಹೆಬ್ಬೆರಳು ದಪ್ಪದ ಲಂಟಾನ ಕೋಲನ್ನು ಊರುಗೋಲಿಗೆ ಕಡಿಯುವಾಗ ಪುಡಿ ಹೊರಗೆ ಉದುರುತ್ತದೆ, ಹಲ್ಲಿನಲ್ಲಿ ಕಟ್ಟಿಕೊಳ್ಳಲ್ಲ. ದಬ್ಬಳ ಕೂಡ ಇದೆ. ಶಿಷ್ಯನೊಬ್ಬನ ಬ್ಯಾಗಿನ ಪಟ್ಟಿ ಗುಡ್ಡದ ಮೇಲೆ ಕಿತ್ತಾಗ ಅದರಲ್ಲೇ ತೂತು ಹಾಕಿ ದಾರ ಬಿಗಿದೆ. ಇಕ್ಕಳವನ್ನು ಹೊತ್ತು ಬೆಟ್ಟ ಹತ್ತಬೇಕಾಗಿಲ್ಲ.

ಆಲ್ದೂರಿನವನು
ಫಾರ್ಮರ್ ಅಲಗಿಗೆ ಲಾಕ್ ಇಲ್ಲ ಮೇಷ್ಟ್ರೇ, ಅದನ್ನೂ ಹೇಳಿ. ಲಾಕ್ ಇಲ್ಲದ ಬೇರೊಂದು ಚಾಕು ನಮ್ಮ ಹುಡುಗನ ಬೆರಳಿನ ಮೇಲೆ ಮಡಚಿಕೊಂಡು ಮೂರು ಹೊಲಿಗೆ ಬಿದ್ದಿವೆ. ಆಸ್ಪತ್ರೆಗೆ 900, ಟಿಟಿ ಇಂಜೆಕ್ಷನ್ ಬೇರೆ.

ಹಾಸನದ ಚಾರಣದ ಮೇಷ್ಟ್ರು
ಸ್ವಿಟ್ಜರ್ಲೆಂಡಿನಲ್ಲಿ 1897ರಿಂದ ಇಂಥ ಚಾಕು ಮಾಡಿಕೊಂಡು ಬಂದಿದ್ದಾರೆ. ಅಲಗಿನ ಬೆನ್ನಿಗೆ ಒತ್ತಬಾರದು, ತುದಿಯಿಂದ ತಿವಿಯಬಾರದು. ಮಕ್ಕಳಿಗೆ ಅದನ್ನು ಕಲಿಸಿಯೇ ಕೈಗೆ ಕೊಡಬೇಕು. ಲಾಕ್ ಬೇಕೇ ಬೇಕು ಅನ್ನುವವರಿಗೆ ಅದೇ ಕಂಪನಿಯ 111 ಮಿಲಿಮೀಟರ್‌ನವು ಇವೆ. ಅವು ಜೇಬಿಗೆ ಉದ್ದ ಆಗುತ್ತವೆ.

ಆಲ್ದೂರಿನವನು
ಕಲಿಸಿಲ್ಲ ಅಂತ ನಿಮಗೆ ಹೇಳಿದವರು ಯಾರು? ಮಳೆಯಲ್ಲಿ ಕೈ ಜಾರುತ್ತದೆ ಸಾರ್. ತರಗತಿಯಲ್ಲಿ ನಿಂತು ಹೇಳಿದಷ್ಟು ಸುಲಭ ಅಲ್ಲ.

ಚಿಕ್ಕಮಗಳೂರು ನರ್ಸರಿ ಅಕ್ಕ
ಜೋರು ಮಾಡಬೇಡಿ, ಮಗುವಿನ ಬೆರಳಿನ ವಿಷಯ ಅದು. ನನ್ನ ಹತ್ತಿರ ಇರುವುದು ಪುಟ್ಟದು, ವಿಕ್ಟೋರಿನಾಕ್ಸ್ ಕ್ಲಾಸಿಕ್, 58 ಮಿಲಿಮೀಟರ್. ಬೀಗದ ಗೊಂಚಲಿನಲ್ಲೇ ಇರುತ್ತದೆ. ಕಸಿ ಕಟ್ಟಿದ ಮೇಲೆ ಟೇಪ್ ಕತ್ತರಿಸಲು ಅದರ ಕತ್ತರಿಗಿಂತ ಚೆನ್ನಾಗಿರುವುದು ನನಗೆ ಸಿಕ್ಕಿಲ್ಲ. ದೊಡ್ಡ ಕತ್ತರಿ ಮೊಗ್ಗಿಗೆ ತಾಗಿ ಕಸಿಯೇ ಹಾಳಾಗುತ್ತದೆ. ಕತ್ತರಿಯ ಸ್ಪ್ರಿಂಗ್ ಒಮ್ಮೆ ಮುರಿಯಿತು, ಸ್ಪ್ರಿಂಗ್ ಮಾತ್ರ ಬಿಡಿಯಾಗಿ ತರಿಸಿ ಮನೆಯಲ್ಲೇ ಹಾಕಿದೆ.

ಮೂಡಿಗೆರೆ ತೋಟದವನು
ಆಲ್ದೂರಿನವರೇ, ಗರಗಸ ಕೆಂಪಾಯಿತು ಅಂದಿರಿ. ಕೊಬ್ಬರಿ ಎಣ್ಣೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ನಾನು ಹಾಕುವುದು ಅದನ್ನೇ.

ಚಿಕ್ಕಮಗಳೂರು ನರ್ಸರಿ ಅಕ್ಕ
ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ನಮ್ಮೂರಿನ ಡಿಸೆಂಬರ್ ಬೆಳಿಗ್ಗೆ ಬಾಟಲಿಯೊಳಗೆ ಏನಾಗಿರುತ್ತದೆ ಅಂತ ನೀವೇ ನೋಡಿರುತ್ತೀರಿ. ಕೀಲಿನೊಳಗೂ ಅದೇ ಆಗುತ್ತದೆ, ಅಲಗು ಎಳೆಯಲು ಹೋಗಿ ಉಗುರು ಮುರಿಯುತ್ತದೆ. ಧೂಳು ಬೇರೆ ಮೆತ್ತಿಕೊಳ್ಳುತ್ತದೆ. ಬಿಸಿನೀರಲ್ಲಿ ಅಲ್ಲಾಡಿಸಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಮಿಷನ್ ಎಣ್ಣೆ ಒಂದು ತೊಟ್ಟು ಬಿಡಿ.

ಮೂಡಿಗೆರೆ ತೋಟದವನು
ಅದೇ ಚಾಕುವಲ್ಲಿ ಕಿತ್ತಳೆ ಕೊಯ್ದು ತಿನ್ನುತ್ತೇವೆ ಅಕ್ಕ. ಮಿಷನ್ ಎಣ್ಣೆ ಹೊಟ್ಟೆಗೆ ಹೋಗುವುದು ಬೇಡ. ನಾನು ಬದಲಾಯಿಸಲ್ಲ.

ಹಾಸನದ ಬೈಕ್ ಸವಾರ
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಫಾರ್ಮರ್ ಇಷ್ಟ ಆಯಿತು. ಬೈಕ್ ಕೆಲಸಕ್ಕೆ ಆಗುತ್ತದಾ?

ಸಕಲೇಶಪುರದ ವೈರಿಂಗ್ ಕೆಲಸದವನು
ಇದನ್ನು ಯಾರೂ ಹೇಳಲೇ ಇಲ್ಲ. ಫಾರ್ಮರ್‌ನಲ್ಲಿ ಸ್ಟಾರ್ ಸ್ಕ್ರೂ ಡ್ರೈವರ್ ಇಲ್ಲ. ಬೈಕಿನ ಬ್ಯಾಟರಿ ಟರ್ಮಿನಲ್, ಸೈಡ್ ಕವರ್‌ಗಳಲ್ಲಿ ಜಾಸ್ತಿ ಇರುವುದು ಸ್ಟಾರ್ ಸ್ಕ್ರೂ. ಅದೇ ಕಂಪನಿಯ ಟಿಂಕರ್‌ನಲ್ಲಿ ಸ್ಟಾರ್ ಇದೆ, ಆದರೆ ಗರಗಸ ಇಲ್ಲ.

ಹಾಸನದ ಚಾರಣದ ಮೇಷ್ಟ್ರು
ಫಾರ್ಮರ್‌ನಲ್ಲಿ ಡಬ್ಬ ತೆರೆಯುವ ಅಲಗಿನ ತುದಿ ಸ್ಟಾರ್ ಸ್ಕ್ರೂಗೂ ಕೂರುತ್ತದೆ. ನಾನು ಕನ್ನಡಿ ಬಿಗಿ ಮಾಡಿದ್ದೇನೆ.

ಸಕಲೇಶಪುರದ ವೈರಿಂಗ್ ಕೆಲಸದವನು
ಸಡಿಲ ಸ್ಕ್ರೂಗೆ ಕೂರುತ್ತದೆ ಮೇಷ್ಟ್ರೇ. ಮಳೆಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ತಲೆ ಸವೆದು ಹೋಗುತ್ತದೆ. ಆಮೇಲೆ ಡ್ರಿಲ್ ಹಾಕಿಯೇ ತೆಗೆಯಬೇಕು, ಗ್ಯಾರೇಜಿನಲ್ಲಿ 200ಕ್ಕೆ ಕಡಿಮೆ ಕೇಳಲ್ಲ. ಸವಾರರೇ, ಅಂಗಡಿಗೆ ಬೈಕಿನಲ್ಲೇ ಹೋಗಿ. ದುಡ್ಡು ಕೊಡುವ ಮೊದಲು ನಿಮ್ಮ ಬ್ಯಾಟರಿ ಕವರ್ ಸ್ಕ್ರೂಗೆ ಹಿಡಿದು ನೋಡಿ.

ಹಾಸನದ ಚಾರಣದ ಮೇಷ್ಟ್ರು
ಅಂಗಡಿಯವನು ಹಾಗೆ ಬಿಡಲ್ಲ. ನನ್ನದನ್ನೇ ಕೊಡುತ್ತೇನೆ, ಹಾಕಿ ನೋಡಲಿ.