‘ಕರ್ತನು ಬರುತ್ತಾನೆ, ಎಫ್‌ಡಿ ಯಾಕೆ?’ – ಕರ್ತನ ಬರೋಣಕ್ಕೆ (ಯೇಸುವಿನ ಎರಡನೇ ಬರುವಿಕೆಗೆ) ಸಿದ್ಧವಾಗಿರುವುದು ಅಂದರೆ ಏನು?

ಗ್ರೇಸ್_ಗದಗ
ಎಲ್ಲರಿಗೂ ವಂದನೆ. ನನ್ನ ತಮ್ಮ ಒಂದು ವರ್ಷದಿಂದ ಹೊಸ ಸಭೆಗೆ ಹೋಗುತ್ತಿದ್ದಾನೆ. ಯಾವ ಸಭೆ ಅಂತ ಹೇಳುವುದಿಲ್ಲ, ಕೇಳಬೇಡಿ. ಹೋದ ತಿಂಗಳು ಅಲ್ಲಿ ಮೂರು ದಿನ ಉಪವಾಸ ಪ್ರಾರ್ಥನೆ ಇತ್ತು. ಮತ್ತಾಯ 25ರ ಹತ್ತು ಕನ್ಯೆಯರ ಮೇಲೆ ಪ್ರಸಂಗ. ಮದುವೆ ಗಂಡು ಬರುವುದು ತಡವಾಯಿತು, ಐದು ಜನರ ಹತ್ತಿರ ಎಣ್ಣೆ ಇತ್ತು, ಐದು ಜನರ ಹತ್ತಿರ ಇರಲಿಲ್ಲ, ಅವರು ಕೊಳ್ಳಲು ಹೋದಾಗ ಬಾಗಿಲು ಮುಚ್ಚಿತು, ಆ ಕಥೆ. ‘ಇಪ್ಪತ್ತು ವರ್ಷಕ್ಕೆ ಸಾಲ ತೆಗೆಯುವವನು, ದುಡ್ಡು ಕೂಡಿಡುವವನು ಕರ್ತನ ಬರೋಣವನ್ನು ನಂಬುವುದಿಲ್ಲ’ ಅಂದರಂತೆ. ಇವನು ಮನೆಗೆ ಬಂದವನೇ ಮಗಳ ಓದಿಗೆ ಅಂತ ಇಟ್ಟಿದ್ದ ಎಫ್‌ಡಿ ಮುರಿಸಿ ಅರ್ಧ ದುಡ್ಡು ಕಾಣಿಕೆ ಹಾಕಿಬಿಟ್ಟ. ಹುಡುಗಿ ಸೆಕೆಂಡ್ ಪಿಯುಸಿ. ಅವನ ಹೆಂಡತಿ ದಿನಾ ನನಗೆ ಫೋನ್ ಮಾಡಿ ಅಳುತ್ತಾಳೆ. ಸಿದ್ಧವಾಗಿರುವುದು ಅಂದರೆ ಇದೇನಾ?

ಎಚ್ಚರವಾಗಿರಿ_24
ಸಿಸ್ಟರ್, ‘ಹಾಕಿಬಿಟ್ಟ’ ಅಂತ ಬರೆದಿದ್ದೀರಿ ನೋಡಿ, ಅಲ್ಲೇ ನಿಮ್ಮ ಮನಸ್ಸು ಗೊತ್ತಾಗುತ್ತದೆ. ಬಡ ವಿಧವೆ ಎರಡೇ ಕಾಸು ಹಾಕಿದಳು, ಅವಳ ಜೀವನಕ್ಕೆ ಇದ್ದದ್ದೇ ಅಷ್ಟು. ಯೇಸು ಅವಳನ್ನು ಬೈದನಾ? ಮಾರ್ಕ 12 ಓದಿ. ಕಾಲ ಎಷ್ಟು ಹತ್ತಿರ ಬಂದಿದೆ ಅಂತ ನಿಮಗೆ ಗೊತ್ತಿಲ್ಲ. 1948ರಲ್ಲಿ ಇಸ್ರೇಲ್ ದೇಶವಾಯಿತು. ಯೇಸು ಗುರುತಾಗಿ ಹೇಳಿದ ಅಂಜೂರದ ಮರ ಚಿಗುರಿತು ಅಂದರೆ ಅದೇ. ಅದನ್ನು ಕಂಡ ಸಂತತಿ ಅಳಿದುಹೋಗುವ ಮುಂಚೆ ಎಲ್ಲಾ ಆಗುತ್ತದೆ ಅಂತ ಮತ್ತಾಯ 24ರಲ್ಲೇ ಇದೆ. ನಿಮ್ಮ ತಮ್ಮ ಎಚ್ಚತ್ತಿದ್ದಾನೆ, ನೀವು ಮಲಗಿದ್ದೀರಿ.

ಹಳೇ_ಮಿಷನ್_ಕಾಂಪೌಂಡ್
ಬಂತಪ್ಪ 1948. ಒಂದು ಸಂತತಿಗೆ ನಲವತ್ತು ವರ್ಷ ಅಂತ ಲೆಕ್ಕ ಹಾಕಿ 1988ಕ್ಕೆ ಬರುತ್ತಾನೆ ಅಂತ ಅಮೆರಿಕದಲ್ಲಿ ಡಂಗುರ ಸಾರಿದರು. ಬರಲಿಲ್ಲ. ಅದಕ್ಕೂ ಮುಂಚೆ ಅಲ್ಲಿನ ಬೋಧಕ ವಿಲಿಯಂ ಮಿಲ್ಲರ್‌ನ ಮಾತು ನಂಬಿದವರು 1844ರ ಅಕ್ಟೋಬರ್ 22ರಂದು ಕಾದು ಕೂತರು. ಕೆಲವರು ಹೊಲದ ಬೆಳೆಯನ್ನೂ ಕೀಳದೆ ಬಿಟ್ಟಿದ್ದರು. 2011ರ ಮೇ 21 ಅಂತ ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೋದಲ್ಲಿ ಹೇಳಿದ, ಆಮೇಲೆ ಅಕ್ಟೋಬರ್‌ಗೆ ತಳ್ಳಿದ, ಕೊನೆಗೆ 2012ರಲ್ಲಿ ತಪ್ಪಾಯಿತು ಅಂತ ಪತ್ರ ಬರೆದ. ಇನ್ನೊಂದು ಕೇಳಿ, ಇದು ಗ್ರೇಸ್ ಅವರಿಗೆ ನೇರವಾಗಿ ತಾಕುವ ವಿಷಯ. ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28ಕ್ಕೆ ನಂಬಿದವರೆಲ್ಲ ಆಕಾಶಕ್ಕೆ ಎತ್ತಲ್ಪಡುತ್ತಾರೆ ಅಂತ ಒಬ್ಬ ಪಾಸ್ಟರ್ ಸಾರಿದ. ಜನ ಕೆಲಸ ಬಿಟ್ಟರು, ಮನೆ ಮಾರಿದರು. ಪೊಲೀಸರು ನೋಡಿದರೆ ಆಸಾಮಿ ತನ್ನ ಹೆಸರಲ್ಲಿ ಬಾಂಡ್ ಇಟ್ಟಿದ್ದ, ಅವು ಮೆಚ್ಯೂರ್ ಆಗುವುದು ಆ ತಾರೀಖು ದಾಟಿದ ಮೇಲೆ! ವಂಚನೆ ಕೇಸಿನಲ್ಲಿ ಜೈಲಿಗೆ ಹೋದ.

ಎಚ್ಚರವಾಗಿರಿ_24
‘ತಾರೀಖು’ ಅಂತ ನಾನು ಎಲ್ಲಿ ಹೇಳಿದೆ? ತೋರಿಸಿ. ಆ ದಿನ ಆ ಗಳಿಗೆ ತಂದೆಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತ ನನಗೂ ಗೊತ್ತು. ಕಳ್ಳ ಬಂದ ಹಾಗೆ ಬರುತ್ತಾನೆ. ಕೊರಿಯಾದವನ ಪಾಪ ನನ್ನ ತಲೆಗೆ ಕಟ್ಟಬೇಡಿ.

ಹಳೇ_ಮಿಷನ್_ಕಾಂಪೌಂಡ್
ಇಪ್ಪತ್ತು ವರ್ಷದ ಸಾಲ ಬೇಡ ಅಂದರೆ ಇಪ್ಪತ್ತು ವರ್ಷದೊಳಗೆ ಬರುತ್ತಾನೆ ಅಂತ ತಾನೇ ಅರ್ಥ? ಅದೂ ತಾರೀಖೇ ಸ್ವಾಮಿ. ಸ್ವಲ್ಪ ಮಸುಕಾಗಿ ಬರೆದ ತಾರೀಖು.

ಮೆಥಡಿಸ್ಟ್_ಬೀದರ್
ಜಗಳ ಬ್ಯಾಡ್ರಿ. ಮಾರ್ಟಿನ್ ಲೂಥರ್ ಎಷ್ಟು ಚಂದ ಹೇಳ್ಯಾನ, ನಾಳೆ ಲೋಕ ಮುಗೀತದ ಅಂತ ಗೊತ್ತಾದ್ರೂ ಇವತ್ತು ಒಂದು ಸೇಬಿನ ಸಸಿ ನೆಡ್ತೀನಿ ಅಂತ. ಎಫ್‌ಡಿನೂ ಸಸಿನೇ ರೀ.

ಹಳೇ_ಮಿಷನ್_ಕಾಂಪೌಂಡ್
ಲೂಥರ್ ಹಾಗೆ ಹೇಳಿಲ್ಲ. ಅವನು ಬರೆದದ್ದರಲ್ಲಿ ಎಲ್ಲೂ ಇಲ್ಲ. ಜರ್ಮನಿಯಲ್ಲಿ 1944ಕ್ಕಿಂತ ಹಿಂದೆ ಆ ಮಾತಿನ ಸುಳಿವೇ ಸಿಕ್ಕಿಲ್ಲ.

ಮೆಥಡಿಸ್ಟ್_ಬೀದರ್
ಯಾರರೆ ಹೇಳಿರಲಿ ಬಿಡ್ರಿ, ಮಾತು ಸರಿ ಅದ ಇಲ್ಲೋ?

ಜೋಸೆಫ್_ಕಾರ್ಕಳ
ನಮ್ಮಲ್ಲಿ ಇದಕ್ಕೆ ಗಲಾಟೆಯೇ ಇಲ್ಲ. ಕ್ರಿಸ್ಮಸ್‌ಗೆ ಮುಂಚೆ ನಾಲ್ಕು ಭಾನುವಾರ ಆಗಮನ ಕಾಲ ಆಚರಿಸುತ್ತೇವೆ. ಜನ ಅದು ದನದ ಕೊಟ್ಟಿಗೆಯ ಬಾಲಯೇಸುವಿಗೆ ಅಂದುಕೊಳ್ಳುತ್ತಾರೆ, ಆದರೆ ಮೊದಲ ಭಾನುವಾರದ ವಾಚನ ಪೂರ್ತಿ ಎರಡನೇ ಬರುವಿಕೆಯದ್ದೇ. ಪಾಪನಿವೇದನೆ ಮಾಡು, ಮುನಿಸಿಕೊಂಡವರ ಹತ್ತಿರ ರಾಜಿ ಮಾಡಿಕೋ, ಬಡವರಿಗೆ ಕೊಡು. ಇಷ್ಟೇ ತಯಾರಿ. ಇದನ್ನು ಪ್ರತಿ ವರ್ಷ ಮಾಡುತ್ತೇವೆ. ಆ ಹತ್ತು ಹುಡುಗಿಯರ ಹಾಗೆ ಆರತಿ ಹಿಡಿದು ಕಾಯುವುದು ಅಂದರೆ ಅದೇ, ಬ್ಯಾಂಕಿಗೆ ಓಡುವುದಲ್ಲ.

ವಚನ_ಮಾತ್ರ
ಏನಂದಿರಿ, ‘ಆರತಿ’?? ಆರತಿ ಎತ್ತುವುದು ವಿಗ್ರಹಾರಾಧನೆ. ಕರ್ತನ ಬರೋಣಕ್ಕೂ ಆರತಿಗೂ ಏನು ಸಂಬಂಧ? ಹೀಗೆ ಒಂದೊಂದೇ ಪದ ಒಳಗೆ ಬಿಟ್ಟುಕೊಂಡೇ ಸಭೆ ಹಾಳಾದದ್ದು.

ಹಳೇ_ಮಿಷನ್_ಕಾಂಪೌಂಡ್
ನಿಮ್ಮ ಹೆಸರು ‘ವಚನ ಮಾತ್ರ’. ವಚನ ಓದಿದ್ದೀರಾ? ನಮ್ಮ ಅಜ್ಜಿಯ ಹಳೇ ಕನ್ನಡ ಬೈಬಲ್‌ನಲ್ಲಿ ಮತ್ತಾಯ 25 ತೆಗೆದರೆ ‘ಆರತಿ’ ಅಂತಲೇ ಇದೆ. ಗಂಡಿಗೆ ‘ಮದಲಿಂಗ’ ಅಂತಿದೆ. ಮದುವೆ ಗಂಡನ್ನು ಬಾಗಿಲಲ್ಲಿ ಆರತಿ ಹಿಡಿದು ಎದುರುಗೊಳ್ಳುವುದು ಈ ನಾಡಿನ ರೂಢಿ. ಅನುವಾದ ಮಾಡಿದವರು ಜನರ ಬಾಯಲ್ಲಿದ್ದ ಪದ ಹಿಡಿದರು. ಮಿಷನರಿಗಳಾದ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಬಳ್ಳಾರಿಯಲ್ಲಿ ಕೂತು 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ತಂದರು. ಆಮೇಲೆ ಬಂದವರು ಅದನ್ನು ತಿದ್ದಿದರು. ಅವರೆಲ್ಲ ವಿಗ್ರಹಾರಾಧಕರಾ?

ವಚನ_ಮಾತ್ರ
ಅಜ್ಜಿಯ ಬೈಬಲ್ ಸಾಕ್ಷಿ ಆಗುವುದಿಲ್ಲ. ನನ್ನ ಮೊಬೈಲ್‌ನಲ್ಲಿರುವುದರಲ್ಲಿ ‘ದೀಪ’ ಅಂತಿದೆ. ತಪ್ಪಿತ್ತು, ಆಮೇಲೆ ಬಂದವರು ಸರಿ ಮಾಡಿದರು.

ಗ್ರೀಕ್_ಗುಮಾಸ್ತ
ಇಬ್ಬರದ್ದೂ ತಪ್ಪು. ನಾನು ಥಿಯಾಲಜಿ ವಿದ್ಯಾರ್ಥಿ, ಹೋದ ವಾರ ತಾನೇ ಈ ಭಾಗದ ಮೇಲೆ ಅಸೈನ್‌ಮೆಂಟ್ ಬರೆದೆ. ಮೂಲದಲ್ಲಿರುವ ಗ್ರೀಕ್ ಪದ ‘ಲಂಪಾಸ್’. ಅದು ಮನೆಯೊಳಗಿನ ದೀಪ ಅಲ್ಲ, ಅದಕ್ಕೆ ‘ಲುಖ್ನೋಸ್’ ಅನ್ನುತ್ತಾರೆ. ಮತ್ತಾಯ 5ರಲ್ಲಿ ದೀಪಸ್ತಂಭದ ಮೇಲೆ ಇಡುತ್ತಾರಲ್ಲ, ಅದು ಲುಖ್ನೋಸ್. ಯೇಸುವನ್ನು ಹಿಡಿಯಲು ಸಿಪಾಯಿಗಳು ಬಂದಾಗ, ಯೋಹಾನ 18:3ರಲ್ಲಿ, ಕೈಯಲ್ಲಿದ್ದದ್ದು ಲಂಪಾಸ್. ಅಂದರೆ ಪಂಜು. ಆರತಿಯೂ ಅಲ್ಲ, ದೀಪವೂ ಅಲ್ಲ. ಪಂಜು.

ವಚನ_ಮಾತ್ರ
ಗ್ರೀಕ್ ಕಲಿತವರೆಲ್ಲ ಕೊನೆಗೆ ನಂಬಿಕೆ ಬಿಡುತ್ತಾರೆ. ಪವಿತ್ರಾತ್ಮ ನನಗೆ ಕನ್ನಡದಲ್ಲೇ ಮಾತಾಡುತ್ತಾನೆ.

ಹಳೇ_ಮಿಷನ್_ಕಾಂಪೌಂಡ್
ಮದುವೆ ಮನೆಗೆ ಹೆಣ್ಣುಮಕ್ಕಳು ಪಂಜು ಹಿಡಿದು ಹೋಗುತ್ತಾರಾ ತಮ್ಮಾ? ಡಿಕ್ಷನರಿ ನೋಡಿ ಬೈಬಲ್ ಓದಿದರೆ ಹೀಗೇ ಆಗುವುದು. ಆರತಿ ಅನ್ನುವುದು ಸಂಸ್ಕೃತದ ‘ಆರಾತ್ರಿಕ’ದಿಂದ ಬಂದದ್ದು, ರಾತ್ರಿ ಎತ್ತುವ ದೀಪ. ಆ ಕಥೆ ನಡೆದದ್ದೂ ನಡುರಾತ್ರಿ. ಇದಕ್ಕಿಂತ ಸರಿಯಾದ ಪದ ಇಲ್ಲ.

ಜೋಸೆಫ್_ಕಾರ್ಕಳ
ಪಂಜು ಅಂದದ್ದು ನನಗೆ ಒಪ್ಪಿಗೆ ಉಂಟು. ನಮ್ಮ ಊರಲ್ಲಿ ಭೂತದ ಕೋಲ ನೋಡಿದ್ದೀರಾ? ದೀವಟಿಗೆ ಹಿಡಿದವರ ಹತ್ತಿರ ಎಣ್ಣೆಯ ಪಾತ್ರೆ ಇರಲೇಬೇಕು. ಬಟ್ಟೆ ಸುತ್ತಿದ ಕೋಲು, ಆಗಾಗ ಎಣ್ಣೆ ಹೊಯ್ಯದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಕರಿ ಹೊಗೆ ಬಿಟ್ಟು ಆರುತ್ತದೆ. ಆರತಿಯ ಬತ್ತಿಗೆ ಯಾರಾದರೂ ಬೇರೆ ಪಾತ್ರೆಯಲ್ಲಿ ಎಣ್ಣೆ ಹೊತ್ತುಕೊಂಡು ಹೋಗುತ್ತಾರಾ? ಪಂಜಿಗಾದರೆ ಹೋಗುತ್ತಾರೆ. ಆ ಐದು ಜನ ಯಾಕೆ ಪಾತ್ರೆ ಹಿಡಿದಿದ್ದರು ಅಂತ ನನಗೆ ಇವತ್ತು ಅರ್ಥವಾಯಿತು.

ಎಚ್ಚರವಾಗಿರಿ_24
ಕೋಲ!!! ಭೂತಾರಾಧನೆ ನೋಡಿ ದೇವರ ವಾಕ್ಯ ಅರ್ಥ ಮಾಡಿಕೊಂಡಿದ್ದಾನಂತೆ ಈ ಮನುಷ್ಯ. ನಿಮ್ಮಂಥವರಿಗೇ ಆ ಬಾಗಿಲು ಮುಚ್ಚುವುದು. ‘ನಿಮ್ಮ ಗುರುತು ನನಗಿಲ್ಲ’ ಅಂತ ಕರ್ತ ಹೇಳಿದ್ದು ಯಾರಿಗೆ ಅಂದುಕೊಂಡಿರಿ?

ಜೋಸೆಫ್_ಕಾರ್ಕಳ
ಬಾಗಿಲ ಬೀಗದಕೈ ನಿಮ್ಮ ಸೊಂಟದಲ್ಲಿ ಉಂಟಾ? ಪಕ್ಕದ ಮನೆಯವರ ಕೋಲಕ್ಕೆ ನನ್ನಪ್ಪ ತೋಟದಿಂದ ತೆಂಗಿನಕಾಯಿ ಕೊಡುತ್ತಿದ್ದರು. ನಮ್ಮ ಇಗರ್ಜಿಯ ಹಬ್ಬಕ್ಕೆ ಅವರು ಬರುತ್ತಿದ್ದರು. ಯೇಸು ನೀತಿ ಹೇಳಲು ಬಿತ್ತುವವನನ್ನು ತೋರಿಸಿದ, ಬಲೆಯನ್ನು ತೋರಿಸಿದ, ಕಳ್ಳನನ್ನೂ ತೋರಿಸಿದ. ಕಳ್ಳ ಆಗಬಹುದು, ದೀವಟಿಗೆಯವರು ಆಗುವುದಿಲ್ಲವಾ? ನಿಮ್ಮ ಹತ್ತಿರ ಮಾತಾಡಿ ಪ್ರಯೋಜನ ಇಲ್ಲ ಮಾರಾಯ್ರೆ.

ವಚನ_ಮಾತ್ರ
‘ಮಾರಾಯ್ರೆ’ ಅಂತ ಸಲುಗೆ ಬೇಡ.

ಸುಮ್ನೆ_ಓದುಗ
ನಾನು ಕ್ರೈಸ್ತ ಅಲ್ಲ, ಮಿಷನ್ ಸ್ಕೂಲಲ್ಲಿ ಓದಿದವನು ಅಷ್ಟೇ. ಎರಡು ದಿನದಿಂದ ಪಂಜು, ಆರತಿ ಅಂತ ನೋಡುತ್ತಿದ್ದೇನೆ. ನನಗೆ ತಿಳಿದ ಹಾಗೆ ಆ ಕಥೆಯಲ್ಲಿ ಹತ್ತೂ ಜನ ನಿದ್ದೆ ಹೋಗುತ್ತಾರೆ. ಬುದ್ಧಿವಂತರೂ ಮಲಗುತ್ತಾರೆ. ಹಾಗಾದರೆ ವ್ಯತ್ಯಾಸ ಎಚ್ಚರ ಇದ್ದದ್ದರಲ್ಲಿ ಅಲ್ಲ. ಗಂಡು ಇನ್ನೇನು ಬಂದೇಬಿಟ್ಟ ಅಂದುಕೊಂಡವರು ಇದ್ದಷ್ಟರಲ್ಲೇ ಹೋದರು. ತಡವಾದರೂ ಆಗಬಹುದು ಅಂದುಕೊಂಡವರು ಜಾಸ್ತಿ ಎಣ್ಣೆ ತಂದರು. ಅಂದರೆ ಎಫ್‌ಡಿ ಇಟ್ಟವರೇ ಬುದ್ಧಿವಂತರು ಅಲ್ವಾ? ಈ ಕಥೆ ಹೇಳಿ ಎಫ್‌ಡಿ ಮುರಿಸುವುದು ಹೇಗೆ ಸಾಧ್ಯ?

ಎಚ್ಚರವಾಗಿರಿ_24
‘ನಾನು ಕ್ರೈಸ್ತ ಅಲ್ಲ’. ಅಷ್ಟು ಸಾಕು. ಎಣ್ಣೆ ಅಂದರೆ ಪವಿತ್ರಾತ್ಮ. ದುಡ್ಡಲ್ಲ.

ಮೆಥಡಿಸ್ಟ್_ಬೀದರ್
ಎಣ್ಣಿ ಪವಿತ್ರಾತ್ಮ ಆದ್ರ, ಅಂಗಡಿಗೆ ಹೋಗಿ ಕೊಂಡ್ಕೊಂಡು ಬರ್ರಿ ಅಂತ ಯಾಕ ಹೇಳ್ತಾರ್ರೀ? ಪವಿತ್ರಾತ್ಮನ ಅಂಗಡಿ ಎಲ್ಲದ?

ಗ್ರೀಕ್_ಗುಮಾಸ್ತ
ಎಣ್ಣೆ ಸತ್ಕಾರ್ಯ ಅನ್ನುವವರೂ ಇದ್ದಾರೆ. ಅದೇ ಅಧ್ಯಾಯದ ಕೊನೆಗೆ ಕುರಿ-ಆಡುಗಳ ತೀರ್ಪು ಬರುತ್ತದೆ. ಹಸಿದಿದ್ದೆ, ಊಟ ಕೊಟ್ಟಿರಿ, ಬಟ್ಟೆಯಿರಲಿಲ್ಲ, ಉಡಿಸಿದಿರಿ. ಅಲ್ಲಿ 1948 ಗೊತ್ತಿತ್ತಾ ಅಂತ ಯಾರೂ ಕೇಳುವುದಿಲ್ಲ. ಮತ್ತೆ ಥೆಸಲೋನಿಕದಲ್ಲಿ ಕೆಲವರು ಕೆಲಸ ಬಿಟ್ಟು ಅಲೆಯುತ್ತಿದ್ದಾಗ ಪೌಲ ಏನು ಬರೆದ? ದುಡಿಯಲು ಮನಸ್ಸಿಲ್ಲದವನು ಊಟ ಮಾಡಬಾರದು ಅಂತ. ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತಿದ್ದವನು ಅವನು. ನಾವು ಪ್ರಸಂಗಗಳಲ್ಲಿ ಕೇಳುವ ‘ರಹಸ್ಯವಾಗಿ ಎತ್ತಲ್ಪಡುವುದು’ ಕೂಡ 1830ರ ದಶಕದಲ್ಲಿ ಡಾರ್ಬಿ ಅನ್ನುವ ಬೋಧಕ ಹರಡಿದ್ದು, 1909ರ ಸ್ಕೋಫೀಲ್ಡ್ ಬೈಬಲ್‌ನ ಟಿಪ್ಪಣಿಗಳಿಂದ ಊರೂರಿಗೆ ಹೋಯಿತು.

ಎಚ್ಚರವಾಗಿರಿ_24
1 ಥೆಸಲೋನಿಕ 4:17 ಡಾರ್ಬಿ ಬರೆದನಾ? ಮೇಘಗಳಲ್ಲಿ ಒಯ್ಯಲ್ಪಡುವೆವು ಅಂತ ಸ್ಪಷ್ಟವಾಗಿದೆ.

ಗ್ರೀಕ್_ಗುಮಾಸ್ತ
‘ರಹಸ್ಯವಾಗಿ’ ಅಂದೆ. ಅದರ ಹಿಂದಿನ ವಚನದಲ್ಲೇ ಆಜ್ಞಾಘೋಷ, ಪ್ರಧಾನದೂತನ ಧ್ವನಿ, ತುತ್ತೂರಿ ಇದೆ. ಇಷ್ಟು ಗದ್ದಲದ ರಹಸ್ಯ ನಾನು ನೋಡಿಲ್ಲ.

ವಚನ_ಮಾತ್ರ
ಇವರಿಗೆ ಎಲ್ಲಾ ತಮಾಷೆ. ನೋಹನ ಕಾಲದಲ್ಲೂ ಹೀಗೇ ನಗುತ್ತಿದ್ದರು.

ಹಳೇ_ಮಿಷನ್_ಕಾಂಪೌಂಡ್
ನೋಹ ನಾವೆ ಕಟ್ಟಿದ. ಮರ ಮಾರಿ ಕಾಣಿಕೆ ಹಾಕಲಿಲ್ಲ.

ಗ್ರೇಸ್_ಗದಗ
ಮೂರು ದಿನ ಆಯಿತು, ಎಲ್ಲಾ ಓದಿದೆ. ‘ಸುಮ್ನೆ ಓದುಗ’ ಅವರು ಬರೆದದ್ದನ್ನು ತಮ್ಮನಿಗೆ ಓದಿ ಹೇಳಿದೆ. ‘ಅವನು ಅನ್ಯ’ ಅಂದ. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು ‘ಹತ್ತೂ ಜನ ಮಲಗಿದ್ದರಾ?’ ಅಂತ ಕೇಳಿ ತಾನೇ ತೆಗೆದು ನೋಡಿದ. ಏನೂ ಮಾತಾಡಲಿಲ್ಲ. ಫೀಸಿಗೆ ನಿನ್ನೆ ಕೊನೇ ದಿನ. ನನ್ನ ಬಳೆ ಅಡವಿಟ್ಟು ಕಟ್ಟಿ ಬಂದೆ. ಉಳಿದ ಅರ್ಧ ದುಡ್ಡು ಅವನ ಹೆಂಡತಿ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದಾಳೆ.

ಎಚ್ಚರವಾಗಿರಿ_24
‘ತನ್ನ ಹೆಸರಿಗೆ’! ಗಂಡನಿಗೆ ಅಧೀನಳಾಗಿರಬೇಕು ಅಂತ ಎಫೆಸ 5ರಲ್ಲಿ ಇದೆ ಸಿಸ್ಟರ್. ಅದನ್ನೂ ಸ್ವಲ್ಪ ಅವಳಿಗೆ ಓದಿ ಹೇಳಿ.

ಮೆಥಡಿಸ್ಟ್_ಬೀದರ್
ಗ್ರೇಸಕ್ಕಾ, ನೀವು ಬಳಿ ಬಿಡಿಸ್ಕೊಳ್ಳೋ ದಿನ ಇಲ್ಲಿ ಒಂದು ಮಾತು ಹೇಳ್ರಿ. ಪ್ರಾರ್ಥನೆ ಮಾಡ್ತೀನಿ.

ವಚನ_ಮಾತ್ರ
@ಹಳೇ_ಮಿಷನ್_ಕಾಂಪೌಂಡ್ ಅಜ್ಜಿಯ ಬೈಬಲ್‌ನ ಆ ಪುಟದ ಫೋಟೋ ಹಾಕಿ. ಆರತಿ ಅಂತ ನಿಜವಾಗಿ ಇದ್ದರೆ ನೋಡೋಣ.

ಹಳೇ_ಮಿಷನ್_ಕಾಂಪೌಂಡ್
ಹಾಕುತ್ತೇನೆ. ಬೈಬಲ್ ಅಣ್ಣನ ಮನೆಯಲ್ಲಿದೆ, ಭಾನುವಾರ ಹೋಗುತ್ತೇನೆ.

ಗ್ರೀಕ್_ಗುಮಾಸ್ತ
ಫೋಟೋದಲ್ಲಿ ಏನೇ ಇರಲಿ, ಪದ ಪಂಜು.