ಸಹಾಯ ಬೇಕು: ರೆಕಾರ್ಡ್ ಮಾಡಿದರೆ ಗಿಟಾರ್ ತೆಳ್ಳಗಾಗುತ್ತೆ
ಮನೆಯಲ್ಲೇ ಸೋಲೋ ಜಾಝ್ ಗಿಟಾರ್ ರೆಕಾರ್ಡ್ ಮಾಡುತ್ತಿದ್ದೇನೆ. ಹಾಲೋಬಾಡಿ (ಒಳಗೆ ಟೊಳ್ಳಾದ) ಗಿಟಾರ್, ಫ್ಲ್ಯಾಟ್‌ವೌಂಡ್ (ಮೇಲ್ಮೈ ನಯವಾದ) ತಂತಿ, ನೆಕ್ ಪಿಕಪ್ (ಕುತ್ತಿಗೆ ಬಳಿ ತಂತಿಯ ಕಂಪನ ಹಿಡಿಯುವ ಭಾಗ), ಟೋನ್ ನಾಬ್ ಅರ್ಧಕ್ಕಿಂತ ಕೆಳಗೆ. ಆಂಪ್‌ನಲ್ಲಿ (ಆಂಪ್ಲಿಫೈಯರ್) ಕೇಳಿದರೆ ದುಂಡಗೆ, ಬೆಚ್ಚಗೆ ಇರುತ್ತೆ, ಅದನ್ನೇ ನೇರ ಇಂಟರ್‌ಫೇಸ್‌ಗೆ (ಸಿಗ್ನಲ್ ಅನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ) ಹಾಕಿದರೆ ತಗಡು ಬಡಿದ ಹಾಗೆ! 5 ಕಿಲೋಹರ್ಟ್ಸ್ ಮೇಲಿನದ್ದೆಲ್ಲ ಕತ್ತರಿಸಿ ನೋಡಿದೆ, ಆಗ ಕಂಬಳಿ ಹೊದಿಸಿದಂತಾಗಿ ಕಾರ್ಡ್‌ನ ಒಳಗಿನ ಸ್ವರಗಳೇ ಕಲಸಿಹೋದವು.

ಆಮೇಲೆ ಆಂಪ್ ಮುಂದೆ ಮೈಕ್ ಇಟ್ಟೆ. ಸ್ಪೀಕರ್ ಕೋನ್‌ನ ನಡುವೆ ಇಟ್ಟರೆ ಚುಚ್ಚುತ್ತೆ, ಅಂಚಿಗೆ ಸರಿಸಿದರೆ ಮೆತ್ತಗಾಗುತ್ತೆ. ಅದು ಇಷ್ಟವಾಯಿತು. ಆದರೆ ನೇರ ಸಿಗ್ನಲ್ ಜೊತೆ ಬೆರೆಸಿದ ತಕ್ಷಣ ಬೇಸ್ ಮಾಯ. ಫೇಸ್ ತೊಂದರೆ (ಎರಡು ಸಿಗ್ನಲ್‌ಗಳ ಅಲೆಗಳು ಹೊಂದದೆ ಒಂದನ್ನೊಂದು ಅಳಿಸುವುದು) ಅಲ್ವಾ? ಮೈಕ್ ಒಂದಡಿ ದೂರ ಇದೆ, ಅಂದರೆ ಸುಮಾರು 1 ಮಿಲಿಸೆಕೆಂಡ್ ತಡ. ಟ್ರ್ಯಾಕ್ ಸರಿಸಿ ಹೊಂದಿಸಬೇಕಾ, ಇಲ್ಲ ಸುಮ್ನೆ ಮೈಕ್ ಒಂದನ್ನೇ ಇಟ್ಟುಕೊಳ್ಳಬೇಕಾ? ರಿವರ್ಬ್ (ಕೋಣೆಯ ಮಾರ್ದನಿಯಂಥ ಎಫೆಕ್ಟ್) ಜಾಸ್ತಿ ಸುರಿದು ಮುಚ್ಚಿಹಾಕಲು ಮನಸ್ಸಿಲ್ಲ. ಮಾಡಿ ನೋಡಿದವರು ಹೇಳಿ, ಪ್ಲೀಸ್.