ವಾಟ್ಸ್‌ಆ್ಯಪ್ ಗುಂಪಿನ ಚುನಾವಣಾ ಮೆಸೇಜ್ ಸಂಶೋಧನೆಗೆ ಬಳಸಬಹುದಾ?

ಪ್ರಶ್ನೆ

ದಾವಣಗೆರೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. 2024ರ ಲೋಕಸಭಾ ಚುನಾವಣೆಯಲ್ಲಿ ಪಕ್ಷಗಳು ಜಾಲತಾಣದಲ್ಲಿ ಜನರ ಜೊತೆ ಹೇಗೆ ಮಾತಾಡಿದವು ಅನ್ನೋದು ನನ್ನ ವಿಷಯ. ಫೇಸ್‌ಬುಕ್ ಪೋಸ್ಟ್ ಹುಡುಕಿ ಕಲೆಹಾಕಲು ಕ್ರೌಡ್‌ಟ್ಯಾಂಗಲ್ ಅನ್ನೋ ಸಾಧನ ಇತ್ತು, ಅದು ಆ ಆಗಸ್ಟ್‌ನಲ್ಲೇ ಮುಚ್ಚಿತು. ಈಗ ಉಳಿದಿರೋದು ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪುಗಳು.

ಮೇ 7ರ ಮತದಾನದ ಹಿಂದಿನ ರಾತ್ರಿ ಚುನಾವಣೆಯ ಒಂದೇ ಆಡಿಯೋ ಮೂರು ಗುಂಪುಗಳಲ್ಲಿ ಬಂತು. ಮೇಲೆ ಎರಡು ಬಾಣದ ಗುರುತು. ಪಕ್ಕದ ಮನೆ ಅಜ್ಜಿ ಕಿವಿಗೆ ಹಿಡಿದು ಕೇಳಿ, "ನಮ್ಮೂರ ಮಾತೇ ಐತಲ್ಲಪ್ಪ, ಸುಳ್ಳು ಇರಲ್ಲ ಬಿಡು" ಅಂದರು. ಆ ಮಾತು ಇನ್ನೂ ತಲೆಯಲ್ಲಿದೆ. ದನಿ ಪರಿಚಿತ ಅನ್ನಿಸಿದ್ದಕ್ಕೇ ನಂಬಿದರು, ಅಲ್ವಾ? ಇದನ್ನು ಬರೆಯಬಹುದಾ?

ಉತ್ತರ 1

ಖಂಡಿತ ಬರೆಯಿರಿ. ಆದರೆ ಅಡ್ಮಿನ್ ಹೂಂ ಅಂದರೆ ಸಾಲದು, ಗುಂಪಿನವರಿಗೆಲ್ಲ ತಿಳಿಸಿ. ಹೆಸರು, ನಂಬರ್ ಮೊದಲೇ ಅಳಿಸಿ. ಅಜ್ಜಿಯನ್ನೂ ಕೇಳಿ. ಎರಡು ಬಾಣ ಅಂದರೆ ಐದು ಅಥವಾ ಜಾಸ್ತಿ ಕೈ ದಾಟಿ ಬಂದದ್ದು. 2020ರಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು. ಆದರೂ ಮೂರು ಗುಂಪಿಗೆ ಬಂತಲ್ಲ, ಕಳಿಸಿದವರು ಒಬ್ಬರೋ ಮೂವರೋ ನೋಡಿ. ನನಗೆ ಅದೇ ಮುಖ್ಯ ಅನ್ನಿಸುತ್ತೆ.

ಉತ್ತರ 2

ಫೇಸ್‌ಬುಕ್‌ನ ದುಡ್ಡು ಕೊಟ್ಟ ಪ್ರಚಾರಕ್ಕೆ ಅದರ ಕಂಪನಿ ಮೆಟಾದ ಆ್ಯಡ್ ಲೈಬ್ರರಿ (ಜಾಹೀರಾತುಗಳ ಸಂಗ್ರಹ) ನೋಡಿ. ರಾಜಕೀಯ ಜಾಹೀರಾತು ಅಲ್ಲಿ 7 ವರ್ಷ ಇರುತ್ತೆ, ದುಡ್ಡು ಯಾರು ಕೊಟ್ಟರು, ಅಂದಾಜು ಎಷ್ಟು ಅನ್ನೋದೂ ಸಿಗುತ್ತೆ.

ಪ್ರಶ್ನೆ ಕೇಳಿದವರು

ತುಂಬಾ ಥ್ಯಾಂಕ್ಸ್ ಸರ್. ಇವತ್ತು ಸಂಜೆಯೇ ಅಜ್ಜಿ ಮನೆಗೆ ಹೋಗ್ತೀನಿ.